ಬೆಡ್‌ಶೀಟಿನ ಹಿಂದಿನ ‘ಕರೆಕ್ಟ್’

“ಎಲ್ಲರೂ ಕಣ್ಣು ಮುಚ್ಚಿ! ಟೈಲರ್ ಮಾಮ, ನಿಮ್ಮ ಒಂದು ಕಣ್ಣು ತೆಗ್ದಿದೆ. ನಂಗೆ ಕಾಣ್ಸುತ್ತೆ!”

ಬೆಡ್‌ಶೀಟಿನ ಹಿಂದಿನಿಂದ ಚೂಟಿ ಕೂಗಿದಳು. ನಿಜ ಹೇಳಬೇಕೆಂದರೆ ಅವಳಿಗೆ ಬೆಡ್‌ಶೀಟಿನ ನೀಲಿ ಹೂಗಳನ್ನು ಬಿಟ್ಟು ಏನೂ ಕಾಣುತ್ತಿರಲಿಲ್ಲ. ಆದರೆ ಟೈಲರ್ ಮಾಮನ ಒಂದು ಕಣ್ಣು ಯಾವಾಗಲೂ ತೆರೆದೇ ಇರುತ್ತದೆ ಎನ್ನುವುದು ಊರಿಗೆಲ್ಲ ಗೊತ್ತಿದ್ದ ವಿಷಯ.

“ಅಬ್ಬಬ್ಬ! ಇವಳೇನು ಹುಡುಗೀನೋ ಪೊಲೀಸೋ?” ಎಂದು ಗೊಣಗುತ್ತ ಟೈಲರ್ ಮಾಮ ಆ ಕಣ್ಣನ್ನೂ ಮುಚ್ಚಿದರು.

ಅದು ಟೈಲರ್ ಅಂಗಡಿಯ ಮೇಲಿನ ಕೋಣೆ. ಗೋಡೆಯಿಂದ ಗೋಡೆಗೆ ದಾರ ಕಟ್ಟಿ ಬೆಡ್‌ಶೀಟ್ ಇಳಿಬಿಟ್ಟಿದ್ದರು. ಆಚೆ ಕಡೆ ನಾಲ್ಕು ಕುರ್ಚಿ, ನಾಲ್ಕು ಜನ ದೊಡ್ಡವರು. ಈಚೆ ಕಡೆ ಒಂದು ಉದ್ದನೆಯ ಟೇಬಲ್, ಅದರ ಮೇಲೆ ನಾಲ್ಕು ಹಳೇ ಸ್ಟೀರಿಯೊಗಳು, ಮತ್ತು ಚೂಟಿ.

ಈ ಸ್ಟೀರಿಯೊಗಳನ್ನು ನೀವು ನೋಡಿರಲಿಕ್ಕಿಲ್ಲ. ಇವು ಚೂಟಿ ಹುಟ್ಟುವುದಕ್ಕೆ ಎಷ್ಟೋ ವರ್ಷ ಮುಂಚಿನವು. ಮಿನಿ ಕಾಂಪೊನೆಂಟ್ ಎಂದು ಹೆಸರು. ನಡುವೆ ಕ್ಯಾಸೆಟ್ ಹಾಕುವ ಜಾಗ, ಅದರ ಮೇಲೆ ರೇಡಿಯೊ, ಪಕ್ಕದಲ್ಲಿ ದನಿಯನ್ನು ತಿದ್ದುವ ಪುಟ್ಟ ಪುಟ್ಟ ಜಾರುಗುಂಡಿಗಳ ಸಾಲು. ಎಡಕ್ಕೊಂದು ಬಲಕ್ಕೊಂದು ಸ್ಪೀಕರ್. ಬೇಕೆಂದರೆ ಟಕ್ಕೆಂದು ಕಳಚಿ ಕೋಣೆಯ ಎರಡು ಮೂಲೆಗೆ ಇಡಬಹುದು. ಮತ್ತೆ ಜೋಡಿಸಿ ಮೇಲಿನ ಹಿಡಿಕೆ ಹಿಡಿದರೆ ಸೂಟ್‌ಕೇಸಿನಂತೆ ಎತ್ತಿಕೊಂಡು ಹೋಗಬಹುದು. ಎತ್ತಬಹುದು ಎಂದೆನೇ ಹೊರತು ಸುಲಭ ಎನ್ನಲಿಲ್ಲ! ಬ್ಯಾಟರಿ ತುಂಬಿಸಿದ ಮೇಲೆ ಎತ್ತಿದವರ ತೋಳು ಕಿತ್ತು ಕೈಗೆ ಬರುತ್ತಿತ್ತು.

ಇಂಥವನ್ನು ಹುಡುಕಿ, ರಿಪೇರಿ ಮಾಡಿ, ಒರೆಸಿ, ಮಕ್ಕಳಿಗಿಂತ ಹೆಚ್ಚಾಗಿ ಮುದ್ದು ಮಾಡುವ ಜನ ಇದ್ದಾರೆ. ಟೈಲರ್ ಮಾಮ, ಹಲ್ಲಿನ ಡಾಕ್ಟರು, ಬೇಕರಿ ಅಣ್ಣ, ಮತ್ತು ಚೂಟಿಯ ಅಪ್ಪ ಅಂಥವರು. ತಿಂಗಳಿಗೊಂದು ಭಾನುವಾರ ಒಬ್ಬೊಬ್ಬರೂ ತಮ್ಮ ಮನೆಯ ಸ್ಟೀರಿಯೊಗಳಲ್ಲಿ ಒಂದನ್ನು ಹೊತ್ತುಕೊಂಡು ಇಲ್ಲಿ ಸೇರುತ್ತಿದ್ದರು. ಇದಕ್ಕೆ ‘ಡಬ್ಬಾ ಸಂಘ’ ಎಂದು ಹೆಸರಿಟ್ಟವಳು ಚೂಟಿಯ ಅಮ್ಮ. ಬೈಯುವುದಕ್ಕೆಂದು ಇಟ್ಟ ಹೆಸರು, ಅವರಿಗೆ ಇಷ್ಟವಾಗಿ ಉಳಿದುಬಿಟ್ಟಿತು.

ಡಬ್ಬಗಳಿಗೂ ಹೆಸರಿತ್ತು. ಟೈಲರ್ ಮಾಮನದು ಕೆಂಪಿ. ಡಾಕ್ಟರದು ಬೆಳ್ಳಿ. ಬೇಕರಿ ಅಣ್ಣನದು ಭೂಪ. ಅಪ್ಪನದು ಗಡವ, ಅದರ ದನಿ ಅಷ್ಟು ದಪ್ಪ.

ಸಂಘದ ಆಟ ಹೀಗೆ. ಚೂಟಿ ಒಂದೇ ಕ್ಯಾಸೆಟ್ಟನ್ನು ತನಗಿಷ್ಟ ಬಂದ ಡಬ್ಬಕ್ಕೆ ಹಾಕಿ, ಒಂದೇ ಹಾಡನ್ನು ಸ್ವಲ್ಪ ಹೊತ್ತು ನುಡಿಸಬೇಕು. ಗುಂಡಿ ಒತ್ತುವ ಸದ್ದಿನಿಂದ ಯಾರಿಗೂ ಗುಟ್ಟು ಗೊತ್ತಾಗಬಾರದಲ್ಲ, ಅದಕ್ಕೆ ಒತ್ತುವಾಗ “ಲಾ ಲಾ ಲಾ” ಎಂದು ಜೋರಾಗಿ ಕಿರುಚಬೇಕು. ಆಚೆ ಕೂತವರು ಕಣ್ಣು ಮುಚ್ಚಿ ಕೇಳಿ, ಅದು ಯಾವ ಡಬ್ಬ ಎಂದು ಹೇಳಬೇಕು. ಸರಿಯೋ ತಪ್ಪೋ ಎನ್ನುವ ತೀರ್ಪು ಚೂಟಿಯದು. ಹೆಚ್ಚು ಸರಿ ಹೇಳಿದವರ ಶರ್ಟಿಗೆ ಟೈಲರ್ ಮಾಮ ಜರಿ ಬಟ್ಟೆಯಲ್ಲಿ ಹೊಲಿದ ಒಂದು ಚಿನ್ನದ ಕಿವಿಯನ್ನು ಪಿನ್ ಮಾಡುತ್ತಿದ್ದರು. ಅದು ಇಲ್ಲಿಯವರೆಗೆ ಅಪ್ಪನ ಶರ್ಟು ಬಿಟ್ಟು ಬೇರೆ ಶರ್ಟು ಕಂಡಿರಲಿಲ್ಲ.

“ಲಾ ಲಾ ಲಾ!” ಚೂಟಿ ಬೆಳ್ಳಿಯ ಗುಂಡಿ ಒತ್ತಿದಳು. ಹಾಡು ಶುರುವಾಯಿತು. ಬೆಳ್ಳಿಯಲ್ಲಿ ತಾಳದ ಚಿಲ್ ಚಿಲ್ ಸದ್ದು ಬೇರೆ ಎಲ್ಲದಕ್ಕಿಂತ ಚೆನ್ನಾಗಿ ಕೇಳುತ್ತಿತ್ತು. ಇದು ಚೂಟಿಗೂ ಗೊತ್ತು. ಕಲಿಸಿದವನು ಅಪ್ಪನೇ.

“ಇದು ನನ್ನ ಬೆಳ್ಳಿನೇ ಇರ್ಬೇಕು,” ಎಂದರು ಡಾಕ್ಟರು.

“ನಂಗೂ ಹಾಗೇ ಅನ್ಸುತ್ತೆ,” ಎಂದರು ಬೇಕರಿ ಅಣ್ಣ.

ಅಪ್ಪ ಸ್ವಲ್ಪ ತಡಮಾಡಿದ. ಆಮೇಲೆ ಗಂಟಲು ಸರಿಮಾಡಿಕೊಂಡು, “ಅಲ್ಲ. ಇದು ಕೆಂಪಿ,” ಎಂದ.

ಅಪ್ಪ ತಪ್ಪು ಹೇಳಿದ್ದ! ಬೆಳ್ಳಿಯನ್ನು ಕೆಂಪಿ ಎಂದಿದ್ದ. ಅದು ಹಾಲನ್ನು ಹಿಡಿದು ಟೀ ಎಂದಂತೆ.

ಅವಳಿಗೆ ಅಪ್ಪ ಹಿಂದೊಮ್ಮೆ ಹೇಳಿದ ಮಾತು ನೆನಪಾಯಿತು. ಗಡವನ ಧೂಳು ಒರೆಸುತ್ತ ಹೇಳಿದ್ದ, “ಈ ಕಿವಿ ಇರೋ ತನಕ ಈ ಡಬ್ಬಗಳು, ಚೂಟಿ. ಕಿವಿ ಹೋದ ದಿನ ಎಲ್ಲಾನೂ ಯಾರಿಗಾದ್ರೂ ಕೊಟ್ಟು ಕೈ ತೊಳ್ಕೊಂಡ್ಬಿಡ್ತೀನಿ.” ಅಪ್ಪ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ದೊಡ್ಡ ಮಷೀನ್ ಓಡಿಸುವವನು. ಸಂಜೆ ಮನೆಗೆ ಬಂದಾಗ ಮಾತಿಲ್ಲ, ಕತೆಯಿಲ್ಲ. ಹಿಂಡಿದ ನಿಂಬೆಹಣ್ಣಿನ ಹಾಗೆ ಇರುತ್ತಿದ್ದ. ಡಬ್ಬಗಳ ಮುಂದೆ ಕೂತ ಮೇಲೆಯೇ ಅವನ ಮುಖಕ್ಕೆ ಕಳೆ ಬರುತ್ತಿತ್ತು. ಅವು ಇಲ್ಲದ ಅಪ್ಪನನ್ನು ಚೂಟಿ ಒಂದು ದಿನವೂ ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ.

“ಏನಮ್ಮಾ ಜಡ್ಜು? ಹೇಳು!” ಟೈಲರ್ ಮಾಮ ಅವಸರ ಮಾಡಿದರು.

“ಕೆಂಪಿ!” ಎಂದಳು ಚೂಟಿ. “ಅಪ್ಪ ಹೇಳಿದ್ದೇ ಕರೆಕ್ಟ್!”

“ಛೆ!” ಡಾಕ್ಟರು ತೊಡೆ ತಟ್ಟಿಕೊಂಡರು. “ಪ್ರೆಸ್ಸಣ್ಣನ ಕಿವಿ ಅಂದ್ರೆ ಕಿವಿ ಕಣ್ರೀ. ನಾವೆಲ್ಲ ಸುಮ್ನೆ ತಲೆಗೆರಡು ಇಟ್ಕೊಂಡಿದೀವಿ ಅಷ್ಟೆ.”

ಎಲ್ಲರೂ ನಕ್ಕರು. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕ. ಆ ನಗು ಕೇಳಿದ ಮೇಲೆ ಚೂಟಿಗೆ ತಾನು ಒಳ್ಳೆಯದನ್ನೇ ಮಾಡಿದೆ ಎನಿಸಿತು.

ಆಮೇಲೆ ಅವಳು ಮನೆಯಲ್ಲಿ ಅಪ್ಪನನ್ನು ಗಮನಿಸತೊಡಗಿದಳು. ಒಮ್ಮೆ ಗಮನಿಸಲು ಶುರು ಮಾಡಿದರೆ ಆಯಿತು, ಕಂಡದ್ದೇ ಕಂಡದ್ದು. ಗಡವನ ಜಾರುಗುಂಡಿಗಳಲ್ಲಿ ಬಲಗಡೆಯವು ತಾಳದ ಚಿಲ್ ಚಿಲ್‌ನಂಥ ಸಣ್ಣ, ತೆಳು ದನಿಗಳಿಗೆ. ಅಪ್ಪ ಅವನ್ನೆಲ್ಲ ತುತ್ತತುದಿಗೆ ಏರಿಸಿ ಕೂರುತ್ತಿದ್ದ. ಅಡುಗೆಮನೆಯಿಂದ ಅಮ್ಮ ಕಿವಿ ಮುಚ್ಚಿಕೊಂಡು ಬರುತ್ತಿದ್ದಳು.

“ರೀ, ಅದೇನು ಹಾಡೋ, ಚಾಕು ಮಸೆಯೋ ಶಬ್ದಾನೋ? ಕಡಿಮೆ ಮಾಡಿ!”

“ಏನಂದೆ?”

“ಕಡಿಮೆ ಮಾಡಿ ಅಂದೆ! ಕುಕ್ಕರ್ ಕೂಗಿದ್ದೂ ಗೊತ್ತಾಗಲ್ಲ ನಿಮ್ಗೆ, ನಾನು ಕೂಗಿದ್ದೂ ಗೊತ್ತಾಗಲ್ಲ. ಒಂದ್ಸಲ ಕಿವಿ ಡಾಕ್ಟರಿಗೆ ತೋರ್ಸಿ ಅಂತ ಬಡ್ಕೊಳ್ತಾನೇ ಇದೀನಿ.”

ಅಪ್ಪ ಶರ್ಟಿನ ಮೇಲಿನ ಚಿನ್ನದ ಕಿವಿಯನ್ನು ಬೆರಳಿನಿಂದ ತಟ್ಟಿದ. “ನೋಡಿಲ್ಲಿ. ಮೊನ್ನೆ ತಾನೇ ಗೆದ್ದು ಬಂದಿದೀನಿ. ಕಿವಿ ಕೆಟ್ಟವನು ಹೀಗೆ ಗೆಲ್ತಾನಾ? ಬೇಕಾದ್ರೆ ನಿನ್ನ ಮಗಳನ್ನೇ ಕೇಳು. ಏನು ಚೂಟಿ?”

ಚೂಟಿಯ ಬಾಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅಮ್ಮ ಅವಳ ಮುಖ ನೋಡಿದಳು. ಅಪ್ಪನೂ ನೋಡಿದ.

“ಹೂಂ,” ಎಂದಳು ಚೂಟಿ. “ಅಪ್ಪನೇ ಗೆದ್ದಿದ್ದು.”

“ನೀನೂ ಸರಿ, ನಿಮ್ಮಪ್ಪನೂ ಸರಿ,” ಎಂದು ಅಮ್ಮ ಒಳಗೆ ಹೋದಳು.

ಮುಂದಿನ ತಿಂಗಳೂ ಹಾಗೇ ಆಯಿತು. ಅದರ ಮುಂದಿನ ತಿಂಗಳೂ. ಗಡವನ ದಪ್ಪ ದನಿಯನ್ನು ಅಪ್ಪ ಪ್ರತಿ ಸಲ ಸರಿಯಾಗಿ ಹೇಳುತ್ತಿದ್ದ. ಬೆಳ್ಳಿಗೂ ಕೆಂಪಿಗೂ ಇರುವ ವ್ಯತ್ಯಾಸ ಮಾತ್ರ ಅವನಿಗೆ ಸಿಗುತ್ತಿರಲಿಲ್ಲ. ಅವನು ತಪ್ಪಿದಾಗಲೆಲ್ಲ ಚೂಟಿ “ಕರೆಕ್ಟ್!” ಎನ್ನುತ್ತಿದ್ದಳು. ಕಳ್ಳತನವೂ ಅಭ್ಯಾಸವಾಗುತ್ತದೆ ನೋಡಿ. ಮೊದಲ ಸಲ ಯೋಚಿಸಿ ಹೇಳಿದ್ದನ್ನು ಆಮೇಲೆ ಯೋಚಿಸದೆಯೇ ಹೇಳಿದಳು.

ಆದರೆ ಟೈಲರ್ ಮಾಮ ಇದ್ದರಲ್ಲ!

ಆ ಭಾನುವಾರ ಚೂಟಿ ಕ್ಯಾಸೆಟ್ಟನ್ನು ಕೆಂಪಿಗೆ ಹಾಕಿದಳು. “ಲಾ ಲಾ ಲಾ” ಎಂದು ಗುಂಡಿ ಒತ್ತಿದಳು. ಹಾಡು ಅರ್ಧ ಆಗಿತ್ತೋ ಇಲ್ಲವೋ, ಅಪ್ಪ “ಬೆಳ್ಳಿ” ಎಂದ.

“ಕರೆಕ್ಟ್!” ಎಂದಳು ಚೂಟಿ.

“ಏನು ಕರೆಕ್ಟು?” ಟೈಲರ್ ಮಾಮ ಎದ್ದು ನಿಂತ ಸದ್ದು. “ಇದು ನನ್ನ ಕೆಂಪಿ. ಹೋದ ವಾರ ತಾನೇ ಅದರ ಎಡಗಡೆ ಸ್ಪೀಕರ್ ನಾನೇ ಬಿಚ್ಚಿ ಸರಿ ಮಾಡಿದೀನಿ. ರಾತ್ರಿಯೆಲ್ಲ ಇದೇ ದನಿ ಕೇಳಿದೀನಿ. ನನ್ನ ಡಬ್ಬ ನಂಗೆ ಗೊತ್ತಾಗಲ್ವಾ?”

ಚೂಟಿ ನಿಲ್ಲಿಸುವ ಗುಂಡಿಗೆ ಕೈ ಹಾಕುವುದರೊಳಗೆ ಬೆಡ್‌ಶೀಟ್ ಸರ್ರನೆ ಸರಿಯಿತು. ಕೆಂಪಿಯ ಗಾಜಿನ ಕಿಟಕಿಯೊಳಗೆ ಕ್ಯಾಸೆಟ್ ತಿರುಗುತ್ತಿತ್ತು. ಬೆಳ್ಳಿ ಪಕ್ಕದಲ್ಲಿ ತೆಪ್ಪಗೆ ಕೂತಿತ್ತು.

ಹಾಡು ಇನ್ನೂ ನಡೆದೇ ಇತ್ತು.

“ಓಹೋ!” ಎಂದರು ಟೈಲರ್ ಮಾಮ. ಅವರ ದನಿಯಲ್ಲಿ ತಮಾಷೆ ಇರಲಿಲ್ಲ. “ಇದಾ ವಿಷಯ? ಅಪ್ಪ ಮಗಳು ಸೇರ್ಕೊಂಡು ಇಷ್ಟು ದಿನ ನಮ್ಮ ಕಿವಿಗೆ ಹೂ ಇಟ್ರಾ?”

“ಇಲ್ಲಪ್ಪ, ನಂಗೇನೂ ಗೊತ್ತಿಲ್ಲ…” ಅಪ್ಪ ಕೆಂಪಿಯನ್ನೂ ಚೂಟಿಯನ್ನೂ ಮತ್ತೆ ಮತ್ತೆ ನೋಡಿದ.

“ಒಂದು ಜರಿ ಬಟ್ಟೆ ಕಿವಿಗೋಸ್ಕರ ಮಗಳ ಕೈಲಿ ಮೋಸ ಮಾಡಿಸ್ತೀರಲ್ಲ ಪ್ರೆಸ್ಸಣ್ಣ. ಹೇಳಿದ್ರೆ ನಾನೇ ಇನ್ನೊಂದು ಹೊಲಿದು ಕೊಡ್ತಿರ್ಲಿಲ್ವಾ?”

ಡಾಕ್ಟರು ತಲೆ ತಗ್ಗಿಸಿದರು. ಬೇಕರಿ ಅಣ್ಣ ಕಿಟಕಿಯ ಕಡೆ ತಿರುಗಿದರು. ಅಪ್ಪನ ಮುಖ ಬಿಳಿಚಿಕೊಂಡಿತು. ಅಪ್ಪ ಯಾರಿಗೂ ಮೋಸ ಮಾಡಿದವನಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಟಿಕೆಟ್ ಕೊಡಲು ಮರೆತರೆ ಕರೆದು ಕೇಳಿ ತೆಗೆದುಕೊಳ್ಳುವವನು. ಅಂಥವನನ್ನು ಕಳ್ಳನನ್ನು ನೋಡಿದ ಹಾಗೆ ನೋಡುತ್ತಿದ್ದರು.

ಈಗ ಚೂಟಿಗೆ ಎರಡೇ ದಾರಿ. ಸುಮ್ಮನಿದ್ದರೆ ಅಪ್ಪ ಮೋಸಗಾರನಾಗುತ್ತಾನೆ. ಬಾಯಿ ಬಿಟ್ಟರೆ ಇಷ್ಟು ದಿನ ಬೆಡ್‌ಶೀಟಿನ ಹಿಂದೆ ಬಚ್ಚಿಟ್ಟದ್ದೆಲ್ಲ ಎಲ್ಲರ ಮುಂದೆ ಬೀಳುತ್ತದೆ.

“ಅಪ್ಪ ಮೋಸ ಮಾಡಿಲ್ಲ!” ಅವಳ ದನಿ ಕೀರಲಾಗಿ ಒಡೆಯಿತು. “ಅಪ್ಪಂಗೆ ಗೊತ್ತೇ ಇಲ್ಲ. ನಾನೇ ಸುಳ್ಳು ಹೇಳಿದ್ದು. ಅಪ್ಪಂಗೆ… ಅಪ್ಪಂಗೆ ಸರಿಯಾಗಿ ಕೇಳ್ಸಲ್ಲ. ತುಂಬಾ ದಿನದಿಂದ ಕೇಳ್ಸಲ್ಲ.”

ಹೇಳಿ ಮುಗಿಸಿದ ಮೇಲೆ ಅವಳಿಗೆ ಅಪ್ಪನ ಮುಖ ನೋಡುವ ಧೈರ್ಯ ಬರಲಿಲ್ಲ. ಅವನ ಚಪ್ಪಲಿ ನೋಡುತ್ತ ನಿಂತಳು.

ಟೈಲರ್ ಮಾಮ ಪೆಚ್ಚಾದರು. “ಏ… ನಾನು… ಪ್ರೆಸ್ಸಣ್ಣ, ನಾನು ಸುಮ್ನೆ ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ.”

ಅಪ್ಪ ಶರ್ಟಿನಿಂದ ಪಿನ್ ಬಿಚ್ಚಿ, ಜರಿಯ ಕಿವಿಯನ್ನು ಟೇಬಲ್ಲಿನ ಮೇಲೆ ಕೆಂಪಿಯ ಪಕ್ಕ ಇಟ್ಟ. ಗಡವನನ್ನು ಎತ್ತಿಕೊಂಡ. “ಬಾ ಚೂಟಿ,” ಎಂದ.

ದಾರಿಯಲ್ಲಿ ಅವನು ಗಡವನನ್ನು ಈ ಕೈಯಿಂದ ಆ ಕೈಗೆ, ಆ ಕೈಯಿಂದ ಈ ಕೈಗೆ ಬದಲಾಯಿಸುತ್ತ ನಡೆದ. ಚೂಟಿ ಓಡು ನಡಿಗೆಯಲ್ಲಿ ಹಿಂದೆ ಬಂದಳು. ಬೈದರೆ ಸಾಕಿತ್ತು. ಎರಡು ಏಟು ಕೊಟ್ಟರೂ ಸಾಕಿತ್ತು.

“ಯಾಕೆ ಚೂಟಿ?” ಎಂದು ಕೊನೆಗೆ ಕೇಳಿದ.

“ಕಿವಿ ಹೋದ್ರೆ ಡಬ್ಬ ಎಲ್ಲ ಕೊಟ್ಬಿಡ್ತೀನಿ ಅಂದಿದ್ಯಲ್ಲ ಅಪ್ಪ. ನೀನು ಸೋಲಬಾರದು ಅಂತ…” ಅವಳು ಬಿಕ್ಕಿದಳು.

ಅಪ್ಪ ಒಂದು ಮುಚ್ಚಿದ ಅಂಗಡಿಯ ಕಟ್ಟೆಯ ಮೇಲೆ ಗಡವನನ್ನು ಇಳಿಸಿ ತಾನೂ ಕೂತ. “ನಂಗೂ ಅನುಮಾನ ಇತ್ತು ಕಣೆ. ಹಾಡಿನಲ್ಲಿ ಏನೋ ಕಾಣೆಯಾಗಿದೆ ಅಂತ ಅನ್ನಿಸ್ತಿತ್ತು. ಪ್ರತಿ ತಿಂಗಳೂ ಆಟಕ್ಕೆ ಹೆದರ್ಕೊಂಡೇ ಬರ್ತಿದ್ದೆ. ಈ ಸಲ ಸೋತ್ರೆ ಕಿವಿ ಡಾಕ್ಟರ್ ಹತ್ರ ಹೋಗೋದೇ ಅಂದ್ಕೊಂಡು ಬರ್ತಿದ್ದೆ. ಅಷ್ಟ್ರಲ್ಲಿ ನೀನು ಒಳಗಿಂದ ‘ಕರೆಕ್ಟ್’ ಅಂತಿದ್ದೆ. ಉಸ್ಸಪ್ಪಾ ಅನ್ನಿಸ್ತಿತ್ತು. ಸದ್ಯ, ನನ್ನ ಕಿವಿಗೆ ಏನೂ ಆಗಿಲ್ಲ ಅಂದ್ಕೊಂಡು ಮನೆಗೆ ಹೋಗ್ತಿದ್ದೆ.”

ಚೂಟಿಯ ಅಳು ತಟ್ಟನೆ ನಿಂತಿತು. ತಾನು ‘ಕರೆಕ್ಟ್’ ಎಂದ ತಿಂಗಳುಗಳನ್ನು ಅವಳು ಬೆರಳು ಮಡಿಚಿ ಎಣಿಸಿದಳು.

ಕಿವಿ ಡಾಕ್ಟರ್ ಹತ್ತಿರ ಅಪ್ಪ, ಅಮ್ಮ, ಚೂಟಿ ಮೂವರೂ ಹೋದರು. ಗಾಜಿನ ಗೋಡೆಯ ಪುಟ್ಟ ಕೋಣೆಯಲ್ಲಿ ಅಪ್ಪನನ್ನು ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಕೈಗೊಂದು ಗುಂಡಿ ಕೊಟ್ಟರು. ಸದ್ದು ಕೇಳಿದಾಗಲೆಲ್ಲ ಒತ್ತಬೇಕು. ಚೂಟಿ ಹೊರಗಿನಿಂದ ಗಾಜಿಗೆ ಮೂಗು ಒತ್ತಿ ನೋಡುತ್ತಿದ್ದಳು. ಮೊದಮೊದಲು ಅಪ್ಪ ಚಕಚಕನೆ ಒತ್ತಿದ. ಆಮೇಲೆ ಅವನ ಹೆಬ್ಬೆರಳು ಗುಂಡಿಯ ಮೇಲೆ ಸುಮ್ಮನೆ ಕಾದು ಕೂತಿತು. ಡಾಕ್ಟರ್ ಯಂತ್ರದಲ್ಲಿ ಏನೇನೋ ತಿರುಗಿಸುತ್ತಲೇ ಇದ್ದರು. ಹೆಬ್ಬೆರಳು ಅಲ್ಲಾಡಲಿಲ್ಲ.

“ಪ್ರೆಸ್ಸಿನ ಮಷೀನ್ ಸದ್ದಿಗೆ ಹೀಗಾಗಿರೋದು,” ಎಂದರು ಡಾಕ್ಟರ್. “ಸಣ್ಣ ದನಿಗಳೆಲ್ಲ ಹೋಗಿವೆ. ಹೋಗಿದ್ದು ವಾಪಸ್ ಬರಲ್ಲ. ಉಳಿದಿದ್ದನ್ನ ಕಾಪಾಡ್ಕೊಳ್ಳಿ. ಕೆಲಸಕ್ಕೆ ಹೋಗುವಾಗ ಕಿವಿಗೆ ಪ್ಲಗ್ ಹಾಕ್ಕೊಳ್ಳಿ. ಸ್ವಲ್ಪ ಮುಂಚೆ ಬಂದಿದ್ರೆ ಇನ್ನಷ್ಟು ಉಳೀತಿತ್ತು.”

ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಪ್ಪ ಚೂಟಿಯ ಕಡೆ ನೋಡಲಿಲ್ಲ. ನೋಡಬಾರದೆಂದೇ ನೋಡಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಬರುವಾಗ ಬಸ್ಸಿನಲ್ಲಿ ಮಾತ್ರ ಅವಳ ಕೈ ಹಿಡಿದುಕೊಂಡೇ ಕೂತಿದ್ದ.

ಅಪ್ಪನ ಕಿವಿಗೆ ಒಂದು ಪುಟ್ಟ ಮಷೀನ್ ಬಂತು. ಅದರಿಂದ ಮಾತು ಕೇಳುತ್ತಿತ್ತು. “ಹಾಡು ಹೇಗೆ ಕೇಳ್ಸುತ್ತೆ ಅಪ್ಪ?” ಎಂದು ಚೂಟಿ ಕೇಳಿದಾಗ, “ತಗಡಿನ ಮೇಲೆ ಮೊಳೆ ಉದುರಿಸಿದ ಹಾಗೆ,” ಎಂದ.

ಡಬ್ಬಗಳು ಒಂದೊಂದಾಗಿ ಮನೆಯಿಂದ ಹೋದವು. ಒಂದನ್ನು ಬೇಕರಿ ಅಣ್ಣ ಎತ್ತಿಕೊಂಡು ಹೋದರು. ಎರಡನ್ನು ಹಲ್ಲಿನ ಡಾಕ್ಟರು ಕಾರಿನಲ್ಲಿ ಒಯ್ದರು. “ಇಟ್ಕೊಳ್ರೀ, ಹಾಗೇ ಇರ್ಲಿ, ನೋಡೋಕಾದ್ರೂ ಚೆಂದ,” ಎಂದು ಅಮ್ಮನೇ ಹೇಳಿದಳು. ದಿನಾ ಅವನ್ನು ಬೈಯುತ್ತಿದ್ದ ಅಮ್ಮ! ಅಪ್ಪ ತಲೆಯಾಡಿಸಿದ. “ನುಡೀಬೇಕಾದ್ದು ಸುಮ್ನೆ ಕೂರಬಾರದು. ಕೇಳೋರ ಮನೇಲಿರ್ಲಿ,” ಎಂದ. ಕಪಾಟಿನಲ್ಲಿ ಡಬ್ಬ ಇದ್ದ ಜಾಗಗಳಲ್ಲಿ ಧೂಳಿಲ್ಲದ ಚೌಕಗಳು ಉಳಿದವು. ಅಮ್ಮ ಅಲ್ಲಿ ಏನನ್ನೂ ಇಡಲಿಲ್ಲ.

ಕೊನೆಗೆ ಉಳಿದವನು ಗಡವ. ಅವನು ಟೈಲರ್ ಮಾಮನ ಮನೆಗೆ ಹೋಗಬೇಕಿತ್ತು. ಅವರು ಬೇಡವೆಂದು ಎಷ್ಟೋ ಹೇಳಿದರು, ಅಪ್ಪ ಬಿಡಲಿಲ್ಲ.

ಹೋಗುವ ಹಿಂದಿನ ಸಂಜೆ ಅಪ್ಪ ಗಡವನ ಮುಂದೆ ಸ್ಕ್ರೂಡ್ರೈವರ್ ಹಿಡಿದು ಕೂತಿದ್ದ. ಕ್ಯಾಸೆಟ್ಟಿನ ಟೇಪು ಹಾಡನ್ನು ಓದುವ ಒಂದು ಪುಟ್ಟ ಹೆಡ್ಡನ್ನು ಸವರಿಕೊಂಡು ಹೋಗುತ್ತದೆ. ಆ ಹೆಡ್ಡು ಕೂದಲೆಳೆಯಷ್ಟು ಓರೆಯಾದರೂ ಹಾಡು ಕಂಬಳಿ ಹೊದ್ದ ಹಾಗೆ ಮಂಕಾಗುತ್ತದೆ. ಪಕ್ಕದ ಸ್ಕ್ರೂವನ್ನು ಹದವಾಗಿ ತಿರುಗಿಸಿ ಸರಿಮಾಡಬೇಕು. ಹದ ಹೇಳಬೇಕಾದ್ದು ಕಿವಿ. ಅಪ್ಪ ತಿರುಗಿಸಿದ, ತಲೆ ಬಗ್ಗಿಸಿ ಕೇಳಿದ. ಮತ್ತೆ ತಿರುಗಿಸಿದ, ಮತ್ತೆ ಕೇಳಿದ. ಕಿವಿಯ ಮಷೀನ್ ತೆಗೆದು ಕೇಳಿದ, ಹಾಕಿಕೊಂಡು ಕೇಳಿದ.

ಬಾಗಿಲಲ್ಲಿ ನಿಂತು ನೋಡುತ್ತಿದ್ದ ಚೂಟಿಗೆ ತಡೆಯಲಾಗಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

ಅಪ್ಪ ಅವಳ ಕಡೆ ತಿರುಗಿದ. “ಕೊಡೋದನ್ನ ಸರಿ ಮಾಡಿ ಕೊಡ್ಬೇಕಲ್ಲ,” ಎಂದ. ಸ್ಕ್ರೂವನ್ನು ಒಂಚೂರು ತಿರುಗಿಸಿ ಕೇಳಿದ, “ಈಗ?”

ಹಾಡು ಮಂಕಾಗಿಯೇ ಇತ್ತು. ಅಪ್ಪನ ಹಣೆಯಲ್ಲಿ ಬೆವರಿತ್ತು, ಕಣ್ಣು ಸೋತಿತ್ತು. ‘ಸರಿಯಾಯ್ತು ಅಪ್ಪ’ ಎಂದರೆ ಆ ಮುಖ ಹಗುರಾಗುತ್ತದೆ, ಕೆಲಸ ಮುಗಿಯುತ್ತದೆ. ಮಾತು ಅವಳ ನಾಲಿಗೆ ತುದಿಗೇ ಬಂದಿತ್ತು.

“ಇಲ್ಲ ಅಪ್ಪ,” ಎಂದಳು. “ಇನ್ನೂ ಮಂಕು.”

ಅಪ್ಪ ತಲೆಯಾಡಿಸಿದ. ಇನ್ನೊಂಚೂರು. “ಈಗ?”

“ಜಾಸ್ತಿ ಆಯ್ತು. ಮತ್ತೆ ಮಂಕಾಯ್ತು. ಸ್ವಲ್ಪ ಹಿಂದೆ.”

“ಈಗ?”

“ಇನ್ನೂ ಸ್ವಲ್ಪ. ಇನ್ನೂ… ನಿಲ್ಸು!”

ಹಾಡು ಕಂಬಳಿ ಕೊಡವಿ ಎದ್ದಿತು. ತಾಳ ಚಿಲ್ ಚಿಲ್ ಎಂದಿತು. ಹಾಡುವವಳು ಉಸಿರೆಳೆದುಕೊಂಡದ್ದೂ ಕೇಳಿತು. ಚೂಟಿಗೆ ತಾಳದ ಒಂದೊಂದು ಕಣವೂ ಕೇಳುತ್ತಿತ್ತು. ಒಂದು ಗೇಣು ದೂರದಲ್ಲಿ ಕೂತ ಅಪ್ಪನಿಗೆ ಅದು ಕೇಳುತ್ತಿರಲಿಲ್ಲ, ಇನ್ನು ಯಾವತ್ತೂ ಕೇಳುವುದಿಲ್ಲ. ಅವಳ ಕಣ್ಣು ತುಂಬಿ ಹರಿಯಿತು.

“ಬಂತಾ?” ಎಂದು ಅಪ್ಪ ಕೇಳಿದ.

ಅವನು ಗಡವನ ಕಡೆ ನೋಡುತ್ತಿರಲಿಲ್ಲ. ಅವಳ ಮುಖವನ್ನೇ ನೋಡುತ್ತಿದ್ದ, ಹಿಂದೆ ಹಾಡು ಕೇಳುವಾಗ ಇರುತ್ತಿದ್ದಷ್ಟೇ ಗಮನವಿಟ್ಟು. ಚೂಟಿ ಕಣ್ಣೊರೆಸಿಕೊಳ್ಳಲು ಕೈ ಎತ್ತಿದಳು. ಆಮೇಲೆ ಒರೆಸಿಕೊಳ್ಳದೆಯೇ ಇಳಿಸಿದಳು. ಅಪ್ಪ ನೋಡಲಿ ಎಂದು ಮುಖವನ್ನು ಅವನ ಕಡೆಗೇ ಹಿಡಿದು ಕೂತಳು.